ಹೊಲದಡಿಯ ದೊಡ್ಡಿಗಳು

2025ರ ಮಾರ್ಚ್‌ನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಭಾರತದಿಂದ ಸೇರಿದ ತಾಣಗಳಲ್ಲಿ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಮುಡುಮಾಲವೂ ಒಂದು. ಮಖ್ತಲ್‌ನಿಂದ ರಾಯಚೂರಿನ ದಿಕ್ಕಿಗೆ ಬಂದರೆ ಕೃಷ್ಣೆಯ ಎಡದಂಡೆಯಲ್ಲಿ ಸಿಗುವ ಹಳ್ಳಿ ಅದು. ಅಲ್ಲಿ 10ರಿಂದ 14 ಅಡಿ ಎತ್ತರದ ಸುಮಾರು 80 ನಿಲುವುಗಲ್ಲುಗಳಿವೆ. ಜೊತೆಗೆ ಸಾಲುಗಟ್ಟಿ ನೆಟ್ಟ ಸಣ್ಣ ಕಲ್ಲುಗಳು ಸುಮಾರು 3,000. ಪಟ್ಟಿಗೆ ಸೇರಿದ ಸುದ್ದಿಯ ಜೊತೆ ಪತ್ರಿಕೆಗಳಲ್ಲಿ ಬಂದ ಚಿತ್ರಗಳಲ್ಲಿ ಎದ್ದು ಕಂಡದ್ದು ದೊಡ್ಡ ಕಲ್ಲುಗಳು. ಅದು ಸಹಜ, ನಿಂತದ್ದು ಮೊದಲು ಕಣ್ಣಿಗೆ ಬೀಳುತ್ತದೆ. ಆದರೆ ನಾರಾಯಣಪೇಟೆ, ಮಖ್ತಲ್, ಗದ್ವಾಲ ಸೀಮೆಯ ಪ್ರಾಗಿತಿಹಾಸದ ಬಹುಪಾಲು ನಿಂತಿಲ್ಲ, ಮಲಗಿದೆ. ಜೋಳ, ತೊಗರಿ, ಹತ್ತಿ, ಈಚೆಗೆ ಭತ್ತ ಬೆಳೆಯುವ ಹೊಲಗಳ ಅಡಿಯಲ್ಲಿ ಬೂದಿಯಾಗಿ, ಮಡಕೆಚೂರಾಗಿ, ಕಲ್ಲುಕೊಡಲಿಯಾಗಿ, ಮೂಳೆಯಾಗಿ ಉಳಿದಿದೆ. ಅದು ಹೊಲದಡಿಯಲ್ಲೇ ಸಿಗುವುದು ಆಕಸ್ಮಿಕವಲ್ಲ ಎಂಬುದು ನನ್ನ ವಾದ. ಇಂದಿನ ಒಕ್ಕಲಿಗ ಯಾವ ಕಾರಣಕ್ಕೆ ಈ ನೆಲವನ್ನು ಹಿಡಿದಿದ್ದಾನೋ, ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಯೂ ಹೆಚ್ಚುಕಡಿಮೆ ಅದೇ ಕಾರಣಕ್ಕೆ ಹಿಡಿದಿದ್ದ. ಹೊಲ ಮತ್ತು ಅವಶೇಷ ಒಂದೇ ಇತಿಹಾಸದ ಮೇಲುಪದರ, ಕೆಳಪದರ. ಹಾಗಿದ್ದ ಮೇಲೆ ಉಳಿಸಬೇಕಾದದ್ದು ಹೊಲದೊಳಗಿನ ಒಂದು ಕಲ್ಲನ್ನೋ ಒಂದು ದಿಬ್ಬವನ್ನೋ ಅಲ್ಲ, ಅಡಿಭಾಗ ಸಮೇತ ಹೊಲವನ್ನೇ.

ಮೊದಲು ನೆಲದ ವಿಚಾರ. ಕೃಷ್ಣೆ, ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ರಾಯಚೂರಿನಲ್ಲಿ ಮುಗಿಯುವುದಿಲ್ಲ. ಅದು ಪೂರ್ವಕ್ಕೆ ಚಾಚಿ, ಗದ್ವಾಲವನ್ನು ದಾಟಿ, ಎರಡು ನದಿಗಳು ಕೂಡುವ ಆಲಂಪುರದ ಆಸುಪಾಸಿನಲ್ಲಿ ಕೊನೆಯಾಗುತ್ತದೆ. ತೆಲುಗರು ಈ ತುದಿಯನ್ನು ನಡಿಗಡ್ಡ ಎನ್ನುತ್ತಾರೆ. ಕೃಷ್ಣೆಯ ಉತ್ತರಕ್ಕೆ ಮಖ್ತಲ್, ನಾರಾಯಣಪೇಟೆ. ಪಶ್ಚಿಮಕ್ಕೆ ಭೀಮೆ ಕೃಷ್ಣೆಯನ್ನು ಸೇರುವ ಸಂಗಮ. ಅದರಾಚೆ ಯಾದಗಿರಿ, ಶಹಾಪುರ, ಸುರಪುರ. ಇಲ್ಲೆಲ್ಲ ಬಂಡೆಗುಡ್ಡ, ಗುಡ್ಡದ ಬುಡದಲ್ಲಿ ಮಸಾರಿ, ತಗ್ಗಿನಲ್ಲಿ ಎರೆ, ಕಡಿಮೆ ಮಳೆ. ಹೈದರಾಬಾದ್ ರಾಜ್ಯದ ಕಾಲದಲ್ಲಿ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. 1956ರ ನವೆಂಬರ್ 1ರಂದು ಭಾಷಾವಾರು ಗೆರೆ ಬಿದ್ದಾಗ ಅವು ಮಹಬೂಬ್‌ನಗರಕ್ಕೆ ಹೋದವು. ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಕೆಲವು ಸರ್ಕಾರಿ ಶಾಲೆಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮವಿದೆ. ಗೆರೆ ಜನರನ್ನು ಪೂರ್ತಿ ಬೇರ್ಪಡಿಸಲಿಲ್ಲ. ಬೇರ್ಪಟ್ಟದ್ದು ದಾಖಲೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಬ್ರಿಟಿಷ್ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ನಡೆಸಿದ ಉತ್ಖನನದ ವರದಿ 1960ರಲ್ಲಿ ಹೊರಬಂದಾಗ ಪಿಕ್ಲಿಹಾಳ ಆಗಲೇ ಮೈಸೂರು ರಾಜ್ಯದ ಊರಾಗಿತ್ತು, ವರದಿಯನ್ನು ಪ್ರಕಟಿಸಿದ್ದು ಆಂಧ್ರಪ್ರದೇಶ ಸರ್ಕಾರ. ಒಂದೇ ಸೀಮೆಯ ಪ್ರಾಗಿತಿಹಾಸ ಅಲ್ಲಿಂದ ಮುಂದೆ ಎರಡು ಇಲಾಖೆಗಳ ಕಪಾಟಿಗೆ ಹಂಚಿಹೋಯಿತು. ಕನ್ನಡದಲ್ಲಿ ಮಸ್ಕಿ, ಪಿಕ್ಲಿಹಾಳ, ಸಂಗನಕಲ್ಲು, ಬ್ರಹ್ಮಗಿರಿಗಳ ಬಗ್ಗೆ ಓದಿದವರು ಗದ್ವಾಲ, ಮಖ್ತಲ್‌ಗಳ ಹೆಸರನ್ನು ಅದೇ ಉಸಿರಿನಲ್ಲಿ ಹೇಳದಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಈ ಸೀಮೆಯ ಬಹು ಹಳೆಯ, ಅಷ್ಟೇ ವಿಚಿತ್ರವಾದ ಅವಶೇಷವೆಂದರೆ ಬೂದಿದಿಬ್ಬ. ಬಳ್ಳಾರಿ, ರಾಯಚೂರು, ಯಾದಗಿರಿ, ಹಳೆಯ ಮಹಬೂಬ್‌ನಗರ ಜಿಲ್ಲೆಗಳಲ್ಲಿ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚು ಪತ್ತೆಯಾಗಿವೆ. ಕಡಿದು ನೋಡಿದರೆ ಒಳಗೆ ಮೆದುವಾದ ನಸುಬೂದು ಬೂದಿಯ ಪದರ, ಅದರ ಮೇಲೆ ಕರಗಿ ಗಟ್ಟಿಯಾದ, ಗುಳ್ಳೆ ಗುಳ್ಳೆಯಾದ ಕಿಟ್ಟದಂಥ ಪದರ, ಮತ್ತೆ ಬೂದಿ, ಮತ್ತೆ ಕಿಟ್ಟ. ಇದೇನೆಂದು ತಿಳಿಯಲು ಸುಮಾರು ನೂರಿಪ್ಪತ್ತು ವರ್ಷ ಹಿಡಿಯಿತು. ಊರವರ ಪಾಲಿಗೆ ಅದು ರಕ್ಕಸರನ್ನು ಸುಟ್ಟ ಜಾಗ. ಹಂಪೆಯ ಬಳಿ ನಿಂಬಾಪುರದ ದಿಬ್ಬ ಇಂದಿಗೂ ವಾಲಿಯ ಚಿತೆ ಎನಿಸಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಬಳ್ಳಾರಿ ಕಡೆಯ ದಿಬ್ಬಗಳನ್ನು ವಿವರಿಸಿದ. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೀವೆಲ್ ಅವುಗಳಲ್ಲಿ ಸಾಮೂಹಿಕ ಸಹಗಮನದ ಚಿತೆಗಳನ್ನು ಕಂಡ. ಕಬ್ಬಿಣ ಕರಗಿಸಿದ ಕುಲುಮೆಯಿರಬೇಕು ಎಂದವರೂ ಇದ್ದರು. ಇವರೆಲ್ಲರ ನಡುವೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಒಬ್ಬನೇ ಸುತ್ತಲಿನ ಹೊಲಗಳಲ್ಲಿ ಬಿದ್ದಿದ್ದ ಕಲ್ಲುಕೊಡಲಿಗಳನ್ನೂ ಬೂದಿಯನ್ನೂ ಒಟ್ಟಿಗೆ ಇಟ್ಟು ನೋಡಿ, ಇದು ನವಶಿಲಾಯುಗದ ದನಗಾಹಿಗಳ ಸಗಣಿ ಸುಟ್ಟ ಬೂದಿ ಎಂದ. ಅವನ ಮಾತು ಬಹುಕಾಲ ಒಂಟಿಯಾಗಿಯೇ ಉಳಿಯಿತು. 1950ರ ದಶಕದ ಕೊನೆಗೆ ಲಂಡನ್ನಿನ ಫ್ರೆಡರಿಕ್ ಝೂನರ್ ಪ್ರಯೋಗಾಲಯದಲ್ಲಿ ಆ ಕಿಟ್ಟವನ್ನು ಪರೀಕ್ಷಿಸಿ, ರಾಶಿ ಬಿದ್ದ ಸಗಣಿ ಹೆಚ್ಚು ಶಾಖದಲ್ಲಿ ಉರಿದು ಕರಗಿದ್ದೇ ಅದು ಎಂದು ತೋರಿಸಿದ ಮೇಲೆ ಫೂಟ್‌ನ ಊಹೆಗೆ ಬಲ ಬಂತು.

ಉಳಿದ ಅನುಮಾನವನ್ನು ನೆಲದಲ್ಲೇ ಬಗೆಹರಿಸಿದ್ದು ಉತ್ನೂರು. ಇದು ಆದಿಲಾಬಾದ್ ಕಡೆಯ ಉಟ್ನೂರಲ್ಲ, ಅಂದಿನ ಮಹಬೂಬ್‌ನಗರ ಜಿಲ್ಲೆಯದು. 1957ರಲ್ಲಿ ಆಲ್ಚಿನ್ ಅಲ್ಲಿನ ಬೂದಿದಿಬ್ಬವನ್ನು ಅಗೆದ. ವರದಿ 1961ರಲ್ಲಿ ಬಂತು. ದಿಬ್ಬದ ಒಳಗೆ ಅವನಿಗೆ ಸಿಕ್ಕಿದ್ದು ಸಾಲು ಸಾಲು ಗೂಟಗುಳಿಗಳು. ಮರದ ಕಾಂಡಗಳನ್ನು ಒತ್ತೊತ್ತಾಗಿ ಹೂತು ಕಟ್ಟಿದ ಬೇಲಿ, ಅದರ ಹೊರಗೆ ಇನ್ನೊಂದು ಸುತ್ತು ಬೇಲಿ: ಅದೊಂದು ದನದ ದೊಡ್ಡಿ. ದೊಡ್ಡಿಯ ನೆಲದಲ್ಲಿ ಸಗಣಿ ಮೊಣಕಾಲುದ್ದ ಬಿದ್ದಿದ್ದಿರಬೇಕು; ಅದು ಉರಿದಿದೆ, ಉರಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಬೇಲಿ ಎದ್ದಿದೆ, ಮತ್ತೆ ದನ ಕೂಡಿದ್ದಾರೆ, ಮತ್ತೆ ಬೆಂಕಿ. ಹೀಗೆ ಹಲವು ಸುತ್ತು. ಒಂದು ಪದರದ ಬೂದಿಯ ಮೇಲೆ ದನಗಳ ಗೊರಸಿನ ಗುರುತುಗಳು ಇದ್ದ ಹಾಗೆಯೇ ಉಳಿದಿದ್ದವು. ಬೆಂಕಿ ಆರಿದ ನೆಲದ ಮೇಲೆ ಮಂದೆ ನಡೆದಾಡಿದೆ, ಗೊರಸು ಒತ್ತಿದ ಅಂಚು ಕುಸಿಯುವ ಮೊದಲೇ ಮೇಲೊಂದು ಪದರ ಬಿದ್ದು ಮುಚ್ಚಿದೆ. ಇಡೀ ದಕ್ಷಿಣ ಭಾರತದ ಪ್ರಾಗಿತಿಹಾಸದಲ್ಲಿ ಇಷ್ಟು ನೇರವಾದ ಸಾಕ್ಷ್ಯ ಬಹಳ ಕಡಿಮೆ. ಉಜ್ಜಿ ನಯಗೊಳಿಸಿದ ಕಲ್ಲುಕೊಡಲಿ, ಸಣ್ಣ ಕಲ್ಲಲಗು, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಯ ಚೂರುಗಳೂ ದೊರೆತವು. ರೇಡಿಯೋ ಕಾರ್ಬನ್ ಪರೀಕ್ಷೆ ಈ ದೊಡ್ಡಿಯ ಕಾಲವನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದಿತು. ಹರಪ್ಪದ ನಗರಗಳು ಇನ್ನೂ ಜೀವಂತವಾಗಿದ್ದ ಕಾಲ ಅದು. ಸಿಂಧೂ ಬಯಲಿನಲ್ಲಿ ಇಟ್ಟಿಗೆಯ ಮನೆ, ಮುದ್ರೆ, ತೂಕದ ಕಲ್ಲುಗಳಿದ್ದಾಗ ಕೃಷ್ಣಾ ತೀರದಲ್ಲಿ ದೊಡ್ಡಿ, ಮಂದೆ, ಕೊಡಲಿ ಇದ್ದವು. ಇದನ್ನು ಹಿಂದುಳಿದ ಬದುಕು ಎಂದು ಓದುವುದು ತಪ್ಪು. ಮಳೆ ನೆಚ್ಚಲಾಗದ ಈ ನೆಲಕ್ಕೆ ಒಗ್ಗುವ ಬಂಡವಾಳ ಕಾಲಿದ್ದು ನಡೆಯುವಂಥದು ಎಂದು ಆ ಜನ ಕಂಡುಕೊಂಡಿದ್ದರು. ಆಲ್ಚಿನ್ ಇದನ್ನೆಲ್ಲ ಒಟ್ಟುಗೂಡಿಸಿ 1963ರಲ್ಲಿ ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳ ಬಗ್ಗೆ ಬರೆದ ಪುಸ್ತಕಕ್ಕೆ ಉತ್ನೂರೇ ನಡುಗಂಬ.

ಆದರೆ ದನವೊಂದನ್ನೇ ನೋಡಿದರೆ ಚಿತ್ರ ಅರ್ಧವಾಗುತ್ತದೆ. ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ, ಕರಕಲಾದ ಕಾಳುಗಳನ್ನು ಹೆಕ್ಕಿ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೊರತೆಯನ್ನು ತುಂಬಿತು. ಆ ಜನ ಬೆಳೆಯುತ್ತಿದ್ದದ್ದು ಹುರುಳಿ, ಹೆಸರು, ಕೊರಲೆ, ನವಣೆಯ ಜಾತಿಯ ಇನ್ನೊಂದು ಕಿರುಧಾನ್ಯ. ಎಲ್ಲವೂ ಮುಂಗಾರಿನ ನಾಲ್ಕು ಹನಿಗೆ ಏಳುವ, ಮಸಾರಿಯಲ್ಲಿ ಬರುವ, ದನಕ್ಕೆ ಹೊಟ್ಟನ್ನೂ ಮನುಷ್ಯನಿಗೆ ಕಾಳನ್ನೂ ಕೊಡುವ ಬೆಳೆಗಳು. ನೀರಾವರಿ ಬರುವ ಮೊದಲು ಮಖ್ತಲ್, ಗದ್ವಾಲ, ರಾಯಚೂರುಗಳ ಬಡ ಹೊಲಗಳಲ್ಲಿ ಹುರುಳಿ, ಹೆಸರು, ಕಿರುಧಾನ್ಯಗಳೇ ಕೈಹಿಡಿಯುತ್ತಿದ್ದವು. ಗುಡ್ಡದ ಬುಡದ ಮಸಾರಿಯನ್ನು ಮರದ ಸಲಕರಣೆಯಲ್ಲೂ ಕೆದಕಬಹುದು. ಬಂಡೆಯ ಮೇಲಿಂದ ಇಳಿದ ಮಳೆನೀರು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಗುಡ್ಡದ ಸಂದಿನಲ್ಲಿ ದೊಣೆಯ ನೀರಿದೆ. ತಗ್ಗಿನ ಎರೆಯಲ್ಲಿ ಮಳೆಗಾಲದ ಹುಲ್ಲಿದೆ. ಬೇಸಿಗೆಗೆ ನದಿ ಹತ್ತಿರ. ಈ ಎಲ್ಲ ಅನುಕೂಲ ಒಂದೆಡೆ ಕೂಡುವ ಜಾಗಗಳು ಈ ಸೀಮೆಯಲ್ಲಿ ಲೆಕ್ಕವಿಲ್ಲದಷ್ಟೇನೂ ಇಲ್ಲ. ಇರುವ ಕೆಲವನ್ನು ನವಶಿಲಾಯುಗದವರು ಹಿಡಿದರು, ಕಬ್ಬಿಣಯುಗದವರು ಹಿಡಿದರು, ಅವರ ಮೇಲೆ ಇಂದಿನ ಊರು, ಹೊಲ, ತಿಪ್ಪೆ, ಕಣಗಳು ಕೂತಿವೆ. ಹೊಲದಡಿಯಲ್ಲಿ ದೊಡ್ಡಿ ಸಿಗುವುದಕ್ಕೆ ಇದೇ ಕಾರಣ. ಜಾಗ ಒಂದೇ, ಆಯ್ಕೆಯ ತರ್ಕವೂ ಒಂದೇ.

ಇದಕ್ಕೆ ಬರುವ ಮೊದಲ ಆಕ್ಷೇಪ ವಿದ್ವಾಂಸರದ್ದು. ಬೂದಿದಿಬ್ಬವನ್ನು ಬರೀ ದೊಡ್ಡಿ, ಬರೀ ಒಕ್ಕಲುತನ ಎಂದು ಓದುವುದು ಸರಿಯೇ? ಸಗಣಿ ಈ ಸೀಮೆಯಲ್ಲಿ ಗೊಬ್ಬರ, ಕುಳ್ಳು, ಸಾರಣೆ ಎಲ್ಲವೂ ಹೌದು. ಅದನ್ನು ರಾಶಿ ಹಾಕಿ ಸುಟ್ಟುಬಿಡುವುದು ಯಾವ ಲೆಕ್ಕಾಚಾರಕ್ಕೂ ಹೊಂದುವುದಿಲ್ಲ. ಪೀಟರ್ ಯೋಹಾನ್ಸನ್ 2004ರಲ್ಲಿ ಇದೇ ಪ್ರಶ್ನೆಯನ್ನು ಮುಂದಿಟ್ಟು, ದಿಬ್ಬಗಳು ಉದ್ದೇಶಪೂರ್ವಕವಾಗಿ ಎತ್ತರಕ್ಕೆ ಬೆಳೆಸಿದ ಸ್ಮಾರಕಗಳು, ಆಚರಣೆಯ ಜಾಗಗಳು ಎಂದು ವಾದಿಸಿದರು. ಆಲ್ಚಿನ್ ಕೂಡ ಬೆಂಕಿಯನ್ನು ಆಕಸ್ಮಿಕ ಎನ್ನಲಿಲ್ಲ. ಹೋಳಿ, ಸಂಕ್ರಾಂತಿಗಳಲ್ಲಿ ಬೆಂಕಿ ಹಚ್ಚುವ, ದನಗಳನ್ನು ಕಿಚ್ಚು ಹಾಯಿಸುವ ರೂಢಿಯನ್ನು ನೆನಪಿಸಿಕೊಂಡ. ನಾಲ್ಕು ಸಾವಿರ ವರ್ಷಗಳ ಅಂತರವನ್ನು ಒಂದು ಹಬ್ಬದ ಹೋಲಿಕೆಯಿಂದ ದಾಟಲಾಗದು, ಅದನ್ನು ಸಾಕ್ಷ್ಯವೆಂದು ನಾನು ಎಣಿಸುವುದಿಲ್ಲ. ಆದರೆ ಆಕ್ಷೇಪದ ತಿರುಳನ್ನು ಒಪ್ಪಲೇಬೇಕು: ಬೆಂಕಿಗೆ ಅರ್ಥವಿತ್ತು. ಒಪ್ಪಿದ ಮೇಲೂ ಮೂಲ ಮಾತು ಅಲುಗುವುದಿಲ್ಲ. ಸುರಪುರ ಸೀಮೆಯ ಬೂದಿಹಾಳದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ವಿಸ್ತಾರವಾಗಿ ಅಗೆದಾಗ ದಿಬ್ಬದ ಪಕ್ಕದಲ್ಲೇ ಮನೆಗಳ ಕುರುಹು, ಕಲ್ಲಿನ ಸಲಕರಣೆ ತಯಾರಿಸಿದ ಜಾಗ, ಪ್ರಾಣಿಗಳನ್ನು ಕಡಿದ ನೆಲಗಟ್ಟು, ಮಡಕೆಯಲ್ಲಿಟ್ಟು ಹೂತ ಮಕ್ಕಳ ಸಮಾಧಿಗಳು ಸಿಕ್ಕಿದವು. ಬೂದಿ, ಮನೆ, ದುಡಿಮೆ, ಸಾವು ಎಲ್ಲ ಒಂದೇ ಆವರಣದಲ್ಲಿದ್ದವು. ದನವೇ ಬದುಕಾಗಿದ್ದವರಿಗೆ ಪವಿತ್ರವಾದದ್ದು ದೊಡ್ಡಿಯಿಂದ ಹೊರಗೆ ಬೇರೆಲ್ಲೋ ಇರಬೇಕಿರಲಿಲ್ಲ. ಹಾಗೆಯೇ, ಎದ್ದು ಕಾಣುವ ದಿಬ್ಬದಷ್ಟೇ ಮಹತ್ವದ್ದು ಅದರ ಸುತ್ತಲ ಸಪಾಟು ನೆಲ ಎಂಬುದನ್ನೂ ಬೂದಿಹಾಳ ಕಲಿಸಿತು. ದಿಬ್ಬಕ್ಕೆ ಬೇಲಿ ಹಾಕಿ ಪಕ್ಕದ ಹೊಲವನ್ನು ಬಿಟ್ಟರೆ ಮನೆಗಳೂ ಸಮಾಧಿಗಳೂ ಬೇಲಿಯ ಹೊರಗೇ ಉಳಿಯುತ್ತವೆ.

ಈಗ ಮುಡುಮಾಲಕ್ಕೆ. ಈ ಬಗೆಯ ಕಲ್ಲುಸಾಲುಗಳನ್ನು ಮೊದಲು ಗಮನವಿಟ್ಟು ದಾಖಲಿಸಿದವನು ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್. 1850ರ ಆಸುಪಾಸಿನಲ್ಲಿ ಅವನು ಜೇವರ್ಗಿ, ಸುರಪುರ, ಶಹಾಪುರ ಕಡೆಯ ಕಲ್ಲುವೃತ್ತದ ಸಮಾಧಿಗಳನ್ನು ತೆರೆಸಿ ನೋಡಿದ, ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಗುಂಡುಗಳನ್ನು ಬರೆದಿಟ್ಟ. ನೂರು ವರ್ಷಗಳ ನಂತರ, 1956ರಲ್ಲಿ, ಆಲ್ಚಿನ್ ದಕ್ಷಿಣ ಹೈದರಾಬಾದಿನ ಕಲ್ಲುಸಾಲುಗಳ ಬಗ್ಗೆ ಒಂದು ಲೇಖನ ಬರೆದ. ಸುರಪುರ ಕಡೆಯ ಹನಮಸಾಗರದಲ್ಲಿ ಎರಡು ಸಾವಿರಕ್ಕೂ ಮಿಕ್ಕಿದ ಕಲ್ಲುಗಳ ಚೌಕಳಿಯನ್ನು ಪದ್ದಯ್ಯ ವಿವರಿಸಿದರು. ಮುಡುಮಾಲವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು ಹೈದರಾಬಾದ್ ವಿಶ್ವವಿದ್ಯಾಲಯದ ಕೆ. ಪುಲ್ಲಾರಾವ್. ಅವರು ಎರಡು ಸಂಗತಿಗಳನ್ನು ಎತ್ತಿ ತೋರಿಸಿದರು: ಒಂದು ಕಲ್ಲಿನ ಮೇಲೆ ಕೊರೆದ ಸಣ್ಣ ಕುಳಿಗಳಲ್ಲಿ ಸಪ್ತರ್ಷಿ ಮಂಡಲದ ಆಕಾರ ಕಾಣುತ್ತದೆ, ಕೆಲವು ಕಲ್ಲುಸಾಲುಗಳು ಸೂರ್ಯ ಉತ್ತರಾಯಣ, ದಕ್ಷಿಣಾಯನಗಳ ತುದಿಯಲ್ಲಿ ಹುಟ್ಟುವ, ಮುಳುಗುವ ದಿಕ್ಕಿಗೆ ಹೊಂದುತ್ತವೆ. ಮಲೆನಾಡಿನ ಬೈಸೆ, ನಿಲಸ್ಕಲ್ಲುಗಳಲ್ಲಿ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಸಂಗಡಿಗರು ಅಳೆದು ನೋಡಿದ ನಿಲುವುಗಲ್ಲುಗಳಲ್ಲೂ ಇದೇ ಬಗೆಯ ಹೊಂದಾಣಿಕೆ ಕಂಡುಬಂದಿದೆ.

ಆಕಾಶದ ಈ ಓದಿಗೆ ಸಂದೇಹ ಪಡುವವರಿದ್ದಾರೆ, ಅವರ ಸಂದೇಹಕ್ಕೆ ಹುರುಳಿದೆ. ಮೂರು ಸಾವಿರ ಕಲ್ಲುಗಳಿರುವ ಕಡೆ ಯಾವುದೋ ಎರಡನ್ನು ಜೋಡಿಸಿ ಗೆರೆ ಎಳೆದರೆ ಅದು ಆಕಾಶದ ಯಾವುದಾದರೂ ಬಿಂದುವಿಗೆ ತಾಗುತ್ತದೆ. ಕುಳಿಗಳನ್ನು ಚುಕ್ಕಿ ಜೋಡಿಸಿ ನಕ್ಷತ್ರವಾಗಿಸುವುದೂ ಹಾಗೆಯೇ ಸುಲಭ. ಆದರೆ ಸಂದೇಹದ ತೂಕ ಎಲ್ಲ ಕಡೆಗೂ ಒಂದೇ ಅಲ್ಲ. ನಕ್ಷತ್ರದ ವಾದ ಒಂದೇ ಕಲ್ಲಿನ ಮೇಲೆ ನಿಂತಿದೆ, ಹಾಗಾಗಿ ದುರ್ಬಲ. ಸೂರ್ಯನ ವಾದ ಬೇರೆ ಬೇರೆ ತಾಣಗಳಲ್ಲಿ ಮರುಕಳಿಸುತ್ತದೆ, ಹಾಗಾಗಿ ಗಟ್ಟಿ. ಅದಕ್ಕಿಂತ ಹೆಚ್ಚಾಗಿ, ಸೂರ್ಯ ತಿರುಗುವ ದಿನ ಗೊತ್ತಿರಬೇಕಾದ್ದು ಯಾರಿಗೆ ಎಂದು ಕೇಳಿಕೊಳ್ಳಬೇಕು. ಮಳೆಯ ನಿರೀಕ್ಷೆಯಲ್ಲಿ ಬಿತ್ತುವವನಿಗೆ, ಹುಲ್ಲು ಮುಗಿಯುವ ಮುನ್ನ ಮಂದೆಯನ್ನು ಎಬ್ಬಿಸಬೇಕಾದವನಿಗೆ. ಜೂನ್ ಮೂರನೆಯ ವಾರದ ಸೂರ್ಯೋದಯದ ತುದಿ ಮುಂಗಾರಿನ ಬಾಗಿಲಲ್ಲೇ ಬೀಳುತ್ತದೆ. ಕಲ್ಲುಗಳು ಪಂಚಾಂಗವಾಗಿದ್ದವು ಎಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಅವನ್ನು ನಿಲ್ಲಿಸಿದವರು ಹೊಲ ಮತ್ತು ಹುಲ್ಲುಗಾವಲಿನ ಜನ ಎಂಬ ತಿಳಿವಳಿಕೆಗೆ ಈ ಓದು ಒಪ್ಪುತ್ತದೆ. 

ಕಾಲದ ಪ್ರಶ್ನೆ ಇನ್ನೂ ಗಂಭೀರ. ಮುಡುಮಾಲದ ಕಲ್ಲುಗಳಿಗೆ ಮೂರೂವರೆಯಿಂದ ನಾಲ್ಕು ಸಾವಿರ ವರ್ಷ ಎಂದು ಹೇಳಲಾಗುತ್ತಿದೆ. ದಕ್ಷಿಣದ ಬೃಹತ್‌ಶಿಲಾ ಸಂಸ್ಕೃತಿಯನ್ನು ಸಾಮಾನ್ಯವಾಗಿ ಕಬ್ಬಿಣದ ಜೊತೆ, ಕ್ರಿ.ಪೂ. 1200ರಿಂದ ಈಚೆಗೆ ಇಡುವುದು ರೂಢಿ; ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿಯಲ್ಲಿ ಪದರಗಳನ್ನು ಓದಿದಾಗಲೂ ಕಲ್ಲುಕೊಡಲಿಯವರ ಮೇಲೆಯೇ ಬೃಹತ್‌ಶಿಲೆಯವರು ಬಂದಿದ್ದರು. ನಾಲ್ಕು ಸಾವಿರ ವರ್ಷ ಎಂದರೆ ಮುಡುಮಾಲದ ಕಲ್ಲುಗಳು ಉತ್ನೂರಿನ ದೊಡ್ಡಿಯ ಕೊನೆಗಾಲಕ್ಕೆ ಹತ್ತಿರವಾಗುತ್ತವೆ. ಆಗ ಸಗಣಿ ಸುಟ್ಟವರ ಮೊಮ್ಮಕ್ಕಳೇ ಕಲ್ಲು ನಿಲ್ಲಿಸಿದರೇ ಎಂಬ ಪ್ರಶ್ನೆ ಏಳುತ್ತದೆ. ಅದು ನಿಜವಾದರೆ ದಕ್ಷಿಣದ ಪ್ರಾಗಿತಿಹಾಸದ ಒಂದು ದೊಡ್ಡ ಗೋಡೆಯೇ ಬೀಳುತ್ತದೆ. ನವಶಿಲಾಯುಗ, ಬೃಹತ್‌ಶಿಲಾಯುಗ ಎಂಬ ಎರಡು ಜನರ ಬದಲು ಒಂದೇ ಜನದ ಬದಲಾದ ನಡೆ ಕಾಣುತ್ತದೆ. ಆದರೆ ನಿಂತ ಕಲ್ಲಿಗೆ ತನ್ನದೇ ಆದ ಕಾಲವಿಲ್ಲ. ಕಲ್ಲು ಹುಟ್ಟಿದ ಕಾಲ ಕೋಟ್ಯಂತರ ವರ್ಷ ಹಿಂದಿನದು. ಅದನ್ನು ನಿಲ್ಲಿಸಿದ ಕಾಲ ಅದರ ಬುಡದ ಗುಂಡಿಯಲ್ಲಿದೆ. ಗುಂಡಿ ತೋಡಿ ಕಲ್ಲು ಇಳಿಸಿ ಸುತ್ತ ಗಿಡಿದ ಮಣ್ಣು, ಅದರಲ್ಲಿ ಬೆರೆತ ಇದ್ದಿಲ ಚೂರು, ಕಾಳು, ಮಡಕೆಯ ತುಂಡು, ಇವೇ ಕಾಲ ಹೇಳಬಲ್ಲವು. ಅಂದರೆ ಎದ್ದು ಕಾಣುವ ಕಲ್ಲಿನ ಬಗ್ಗೆ ನಾವು ಕೇಳುವ ಅತಿ ಮುಖ್ಯ ಪ್ರಶ್ನೆಗೂ ಉತ್ತರ ಹೊಲದ ಮಣ್ಣಿನೊಳಗಿದೆ. ಸಣ್ಣ ಕಲ್ಲೊಂದನ್ನು ಕಿತ್ತು ಬದುವಿಗೆ ಹಾಕಿದಾಗ ಕಲ್ಲು ಉಳಿಯುತ್ತದೆ, ಗುಂಡಿ ಹೋಗುತ್ತದೆ, ಗುಂಡಿಯ ಜೊತೆ ಕಾಲವೂ ಹೋಗುತ್ತದೆ. ಮುಡುಮಾಲದ ಸುತ್ತ ಉಳುಮೆಗೆ ಅಡ್ಡಿಯೆಂದು ಕಲ್ಲು ಕಿತ್ತದ್ದರ ನಿಜವಾದ ನಷ್ಟ ಇದು.

ಇಲ್ಲಿ ಎರಡನೆಯ ಆಕ್ಷೇಪ ಏಳುತ್ತದೆ. ಸಾವಿರಾರು ವರ್ಷ ಉತ್ತ ನೆಲದಲ್ಲಿ ಇನ್ನೇನು ಉಳಿದಿದ್ದೀತು? ಈ ಮಾತು ಮೇಲ್ನೋಟಕ್ಕೆ ಸರಿ, ಒಳಹೊಕ್ಕರೆ ಅಲ್ಲ. ಎತ್ತಿನ ಮರದ ನೇಗಿಲು ಕೆಲವೇ ಅಂಗುಲ ಇಳಿಯುತ್ತದೆ. ಕುಂಟೆ ಅದಕ್ಕಿಂತಲೂ ಕಡಿಮೆ. ಅದು ಮೇಲುಪದರವನ್ನು ಕಲಕುತ್ತದೆ, ಚೂರುಗಳನ್ನು ಮೇಲೆತ್ತಿ ಹರಡುತ್ತದೆ, ಆದರೆ ಕೆಳಗಿನ ಗೂಟಗುಳಿ, ಒಲೆ, ಸಮಾಧಿಗುಂಡಿಗಳನ್ನು ಮುಟ್ಟುವುದಿಲ್ಲ. ಫೂಟ್ ಸೇರಿದಂತೆ ಎಷ್ಟೋ ಅನ್ವೇಷಕರಿಗೆ ದಾರಿ ತೋರಿದ್ದು ಉತ್ತ ಹೊಲದ ಮೇಲೆ ಬಿದ್ದ ಕಲ್ಲುಕೊಡಲಿ, ಮಡಕೆಚೂರುಗಳೇ. ಬೂದಿದಿಬ್ಬಗಳ ಪಾಡು ಬೇರೆ: ಬೂದಿ ಒಳ್ಳೆಯ ಗೊಬ್ಬರ ಎಂದು ಬಂಡಿ ಬಂಡಿ ಹೊತ್ತು ಹೊಲಕ್ಕೆ ಹರಡಿ ಎಷ್ಟೋ ದಿಬ್ಬಗಳು ಕರಗಿವೆ, ರಸ್ತೆಗೂ ಹೋಗಿವೆ. ಆದರೂ ದಿಬ್ಬ ಕರಗಿದ ಕಡೆ ಅದರ ತಳದ ದೊಡ್ಡಿಯ ಗುಳಿಗಳು ಉಳಿದಿರಬಹುದು. ನಿಜವಾದ ಅಪಾಯ ಹಳೆಯ ಉಳುಮೆಯದ್ದಲ್ಲ, ಕಳೆದ ಮೂರ್ನಾಲ್ಕು ದಶಕಗಳದ್ದು. ಜೂರಾಲ ಅಣೆಕಟ್ಟು, ಸಂಗಂಬಂಡ ಜಲಾಶಯವಿರುವ ಭೀಮಾ ಏತ ನೀರಾವರಿ, ಗದ್ವಾಲದ ಕಡೆಗೆ ನೆಟ್ಟೆಂಪಾಡು ಏತ ನೀರಾವರಿ, ಇವು ಒಣಬೇಸಾಯದ ಸೀಮೆಗೆ ನೀರು ತಂದವು. ಈ ನೀರಿಗಾಗಿ ಇಲ್ಲಿನ ಜನ ತಲೆಮಾರುಗಟ್ಟಲೆ ಕಾದಿದ್ದರು, ದುಡಿಮೆ ಹುಡುಕಿ ಗುಳೆ ಹೋದ ಜಿಲ್ಲೆ ಇದು. ನೀರು ಬಂದದ್ದನ್ನು ಹಳಿಯಲು ಯಾರಿಗೂ ಹಕ್ಕಿಲ್ಲ. ಆದರೆ ಭತ್ತಕ್ಕೆ ಗದ್ದೆ ಸಮತಟ್ಟಾಗಬೇಕು. ಇಳಿಜಾರಿನ ಮಸಾರಿ ಹೊಲವನ್ನು ಜೆಸಿಬಿ ಒಂದೇ ದಿನದಲ್ಲಿ ಎರಡು ಮೂರು ಅಡಿ ಕಡಿದು ಮಟ್ಟ ಮಾಡುತ್ತದೆ. ಎತ್ತಿನ ನೇಗಿಲು ನಾಲ್ಕು ಸಾವಿರ ವರ್ಷದಲ್ಲಿ ಮುಟ್ಟದ್ದನ್ನು ಅದು ಮಧ್ಯಾಹ್ನದೊಳಗೆ ಎತ್ತಿ ಹಾಕುತ್ತದೆ.

ಅಣೆಕಟ್ಟಿನ ವಿಷಯದಲ್ಲಿ ಈ ಸೀಮೆಗೆ ಒಂದು ಹಳೆಯ ಅನುಭವವಿದೆ. ಶ್ರೀಶೈಲ ಜಲಾಶಯದ ಹಿನ್ನೀರು ಏರುವ ಮುನ್ನ ಕೂಡಲಿ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು. ಅದು ದೊಡ್ಡ ಕೆಲಸ, ಮೆಚ್ಚಬೇಕಾದ ಕೆಲಸ. ಗುಡಿಯನ್ನು ಹಾಗೆ ಸ್ಥಳಾಂತರಿಸಬಹುದು, ಏಕೆಂದರೆ ಅದರ ಅರ್ಥ ಬಹುಮಟ್ಟಿಗೆ ಅದರ ಕಲ್ಲುಗಳಲ್ಲೇ ಇದೆ. ದೊಡ್ಡಿಯನ್ನು ಸ್ಥಳಾಂತರಿಸಲಾಗದು. ಬೂದಿಯ ಪದರ, ಗುಳಿಯ ಬಣ್ಣ, ಗೊರಸಿನ ಗುರುತು ಇದ್ದಲ್ಲೇ ಇದ್ದರೆ ಮಾತ್ರ ಅರ್ಥ. ಎತ್ತಿದರೆ ಅದು ಬರೀ ಮಣ್ಣು.

ಮೂರನೆಯ ಆಕ್ಷೇಪ ಒಕ್ಕಲಿಗನದು, ಎಲ್ಲಕ್ಕಿಂತ ನ್ಯಾಯವಾದದ್ದು. ಎರಡೆಕರೆ ಇರುವವನ ಹೊಲದಲ್ಲಿ ಹಳೆಯ ಕಲ್ಲು ನಿಂತಿದೆ ಎಂಬ ಕಾರಣಕ್ಕೆ ಅವನೇಕೆ ನಷ್ಟ ಅನುಭವಿಸಬೇಕು? ಈಗಿನ ಕಾನೂನುಗಳು ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುವುದಿಲ್ಲ. 1878ರ ನಿಧಿ ಕಾಯ್ದೆ ಸಿಕ್ಕ ವಸ್ತುವಿನ ಒಡೆತನದ ಬಗ್ಗೆ ಚಿಂತಿಸಿತು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, ಅದಕ್ಕೆ 2010ರಲ್ಲಿ ತಂದ ತಿದ್ದುಪಡಿ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಎಂದು ವೃತ್ತ ಎಳೆಯಿತು. ತೆಲಂಗಾಣ 2017ರಲ್ಲಿ ತನ್ನದೇ ಪರಂಪರೆ ಕಾಯ್ದೆ ಮಾಡಿಕೊಂಡಿತು. ಸ್ಮಾರಕವೆಂದರೆ ಒಂದು ಬಿಂದು, ರಕ್ಷಣೆಯೆಂದರೆ ಅದರ ಸುತ್ತ ವೃತ್ತ ಎಂಬ ಕಲ್ಪನೆ ಕೋಟೆಗೆ, ಗುಡಿಗೆ ಸರಿ. ಹೊಲದಡಿ ಹರಡಿರುವ ನೆಲೆಗೆ ಬಿಂದುವೂ ಇಲ್ಲ, ವೃತ್ತವೂ ಇಲ್ಲ. ಇದರ ಫಲ ನೇರವಾಗಿದೆ: ಹೊಲದಲ್ಲಿ ಏನೋ ಸಿಕ್ಕಿತೆಂದು ಹೇಳಿದರೆ ಭೂಮಿ ಹೋಗುತ್ತದೆ ಎಂಬ ಭಯ ಹುಟ್ಟಿದರೆ ರೈತ ಹೇಳುವುದೇ ಇಲ್ಲ, ರಾತ್ರೋರಾತ್ರಿ ಕಿತ್ತು ಹಾಕುತ್ತಾನೆ. ಹೆದರಿದವನನ್ನು ದೂರಿ ಫಲವಿಲ್ಲ, ಹೆದರಿಸಿದ ವ್ಯವಸ್ಥೆಯಲ್ಲಿ ದೋಷವಿದೆ.

ಹೊಲವನ್ನು ಹೊಲವಾಗಿಯೇ ಇಟ್ಟು ಅಡಿಭಾಗವನ್ನು ಕಾಯುವುದು ಸಾಧ್ಯ, ಏಕೆಂದರೆ ಕುಂಟೆ, ನೇಗಿಲಿನ ಒಣಬೇಸಾಯ ಆ ಅಡಿಭಾಗವನ್ನು ಸಾವಿರಾರು ವರ್ಷ ಹಾಳುಮಾಡದೆ ಬಂದಿದೆ. ನೆಲೆಯಿರುವ ಸರ್ವೆ ನಂಬರುಗಳನ್ನು ಪಹಣಿಯಲ್ಲಿ ನಮೂದಿಸಬೇಕು. ಅಲ್ಲಿ ಬಿತ್ತಲು ಅಡ್ಡಿಯಿಲ್ಲ, ಮಟ್ಟ ಮಾಡಲು, ಆಳವಾಗಿ ಅಗೆಯಲು, ಕಲ್ಲು ಕೀಳಲು ಮಾತ್ರ ಅಡ್ಡಿ ಎಂದಿರಬೇಕು. ಭತ್ತ ಬಿಟ್ಟು ತೊಗರಿ, ಜೋಳ, ಕಿರುಧಾನ್ಯ ಬೆಳೆದದ್ದಕ್ಕೆ ಆಗುವ ಆದಾಯದ ಅಂತರವನ್ನು ಸರ್ಕಾರ ವರ್ಷವರ್ಷ ಕಟ್ಟಿಕೊಡಬೇಕು. ಸ್ಮಾರಕಕ್ಕಾಗಿ ಎಕರೆಗಟ್ಟಲೆ ಸ್ವಾಧೀನ ಮಾಡುವುದಕ್ಕೆ ಹೋಲಿಸಿದರೆ ಇದು ದುಬಾರಿಯಾಗಲಾರದು, ಊರವರನ್ನು ಊರಿನ ಇತಿಹಾಸಕ್ಕೆ ವೈರಿಗಳನ್ನಾಗಿಯೂ ಮಾಡುವುದಿಲ್ಲ. ಅವರು ವೈರಿಗಳಾಗಿರಲಿಲ್ಲ ಎನ್ನುವುದಕ್ಕೆ ಮುಡುಮಾಲವೇ ಸಾಕ್ಷಿ. ಅಲ್ಲಿನ ಒಂದು ನಿಲುವುಗಲ್ಲಿಗೆ ಎಲ್ಲಮ್ಮನೆಂದು ಪೂಜೆ ಸಲ್ಲುತ್ತದೆ. ಉಳಿದವು ಶಾಪದಿಂದ ಕಲ್ಲಾದ ಜನ ಎಂಬ ನಂಬಿಕೆಯಿದೆ. ಕೊಪ್ಪಳದ ಹಿರೇಬೆಣಕಲ್ಲಿನ ಕಲ್ಮನೆಗಳನ್ನು ಮೋರೇರ ಮನೆಗಳೆಂದು ಕರೆದು ದೂರವಿಟ್ಟದ್ದೂ ಇದೇ ಬಗೆಯದು. ಯಾವ ಇಲಾಖೆಯೂ ಇಲ್ಲದ ಶತಮಾನಗಳಲ್ಲಿ ಕಲ್ಲುಗಳನ್ನು ಕಾಯ್ದದ್ದು ಈ ಭಯಭಕ್ತಿ. ಆದರೆ ಭಯಭಕ್ತಿ ಕಾಯುವುದು ನಿಂತದ್ದನ್ನು ಮಾತ್ರ. ಕಾಣದ ದೊಡ್ಡಿಗೆ, ಕರಗಿದ ದಿಬ್ಬದ ತಳಕ್ಕೆ ದೇವರೂ ಇಲ್ಲ, ಕಥೆಯೂ ಇಲ್ಲ. ಅವುಗಳಿಗೆ ನಕ್ಷೆ ಬೇಕು.

ನಕ್ಷೆ ಮಾಡುವ ಕೆಲಸ ನದಿಯ ಎರಡೂ ಕಡೆಯಿಂದ ಆಗಬೇಕಾದದ್ದು. ಹೈದರಾಬಾದ್ ರಾಜ್ಯದ ಪುರಾತತ್ವ ಇಲಾಖೆ 1914ರಲ್ಲಿ ಗುಲಾಮ್ ಯಾಜ್ದಾನಿಯವರ ಕೈಕೆಳಗೆ ಶುರುವಾದಾಗ ರಾಯಚೂರು, ಗದ್ವಾಲ, ಮಖ್ತಲ್, ಸುರಪುರಗಳು ಒಂದೇ ಇಲಾಖೆಯ ವ್ಯಾಪ್ತಿಗೆ ಬಂದವು. ಇಂದು ಉತ್ನೂರು, ಮುಡುಮಾಲಗಳ ಕಡತ ಹೈದರಾಬಾದಿನಲ್ಲಿ, ಬೂದಿಹಾಳ, ವಿಭೂತಿಹಳ್ಳಿ, ಹನಮಸಾಗರಗಳ ಕಡತ ಕರ್ನಾಟಕದಲ್ಲಿ. ಮುಡುಮಾಲದ ಹೆಸರು ಅಂತಿಮ ಪಟ್ಟಿಗೆ ಹೋಗಬೇಕಾದರೆ ಹೋಲಿಕೆಯ ಅಧ್ಯಯನ ಬೇಕೇ ಬೇಕು, ಆ ಹೋಲಿಕೆಗೆ ಅತ್ಯಂತ ಹತ್ತಿರದ ಕಲ್ಲುಸಾಲುಗಳು ಶಹಾಪುರ, ಸುರಪುರಗಳಲ್ಲಿವೆ; ಹಿರೇಬೆಣಕಲ್ ಅದೇ ತಾತ್ಕಾಲಿಕ ಪಟ್ಟಿಯಲ್ಲಿ 2021ರಿಂದ ಇದೆ. ಎರಡು ರಾಜ್ಯಗಳು ಕೂಡಿ ಮೊದಲು ಮಾಡಬೇಕಾದ ಅಗೆತ ದೊಡ್ಡ ಕಲ್ಲುಗಳ ಬುಡದಲ್ಲಲ್ಲ. ದೊಡ್ಡವಕ್ಕೆ ಸದ್ಯ ಕಾವಲಿದೆ, ಅವು ಕಾಯಬಲ್ಲವು. ಸಣ್ಣ ಕಲ್ಲುಗಳ ಸಾಲು ಹೊಲದ ಬದುವನ್ನು ದಾಟಿ ಖಾಸಗಿ ಜಮೀನಿಗೆ ಹೋಗುವ ಅಂಚಿನಲ್ಲಿ, ಮುಂದಿನ ಹಂಗಾಮಿಗೆ ಮಟ್ಟವಾಗಲಿರುವ ತುಣುಕುಗಳಲ್ಲಿ, ರೈತನಿಗೆ ಬೆಳೆಯ ಹಣ ಮುಂಗಡ ಕೊಟ್ಟು, ಕೆಲವು ಗುಂಡಿಗಳ ಮಣ್ಣನ್ನು ಇದ್ದಿಲು, ಕಾಳುಗಳಿಗಾಗಿ ತೇಲಿಸಿ ನೋಡಬೇಕು. ಅಲ್ಲಿ ಹುರುಳಿಯ ಒಂದು ಕರಕಲು ಕಾಳು ಸಿಕ್ಕರೂ ಸಾಕು, ಕಲ್ಲು ನಿಲ್ಲಿಸಿದವರು ಉತ್ನೂರಿನ ದೊಡ್ಡಿಯವರಿಗೆ ಎಷ್ಟು ಹತ್ತಿರದವರು ಎಂಬ ಚರ್ಚೆಗೆ ಮೊದಲ ಬಾರಿಗೆ ಒಂದು ತಾರೀಖು ದಕ್ಕುತ್ತದೆ.